ನೂರು ಸಲ ಬೆಟ್ಟ ಹತ್ತುವಷ್ಟು ದೂರ

"ದೂರ ಎಷ್ಟವ್ವಾ? ಹೊತ್ತೆಷ್ಟು?"

ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ಕಂಪ್ಯೂಟರಿಗೂ ಜೆರಾಕ್ಸ್ ಮಷೀನಿಗೂ ಊದುಬತ್ತಿ ಬೆಳಗಿ ತಿರುಗುವಷ್ಟರಲ್ಲಿ ಈ ಪ್ರಶ್ನೆ ಬಂದು ಬೆಂಚಿನ ಮೇಲೆ ಕೂತಿರುತ್ತಿತ್ತು. ಯಾವ ಊರಿಂದ ಯಾವ ಊರಿಗೆ ಮಾವ ಅಂತ ನಾನು ಕೇಳಬೇಕು. ಕೇಳಿದ ಮೇಲೇ ಅವರು ಆವತ್ತಿನ ಎರಡು ಊರು ಹೊರಗೆ ತೆಗೆಯುತ್ತಿದ್ದರು. ಬೆಂಗಳೂರಿಂದ ದುಬೈ. ದೆಹಲಿಯಿಂದ ಟೋಕಿಯೊ. ಒಂದು ದಿನ ಹುಮ್ಮಸ್ಸು ಜಾಸ್ತಿಯಾಗಿ, "ಇವತ್ತು ನಮ್ ದೇಸ ಬ್ಯಾಡ" ಅಂತ ನೈರೋಬಿಯಿಂದ ಲಿಮಾ ಕೇಳಿದರು. ಲಿಮಾ ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಪೇಪರಿನಲ್ಲಿ ಹೆಸರು ನೋಡಿಕೊಂಡು ಬಂದಿದ್ದರು, ಅಷ್ಟೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕೊಳ್ಳೇಗಾಲದಲ್ಲಿ ಯಾರಿಗೂ ಗೊತ್ತಾಗದು. ಬೆಟ್ಟದ ಡ್ರೈವರು ಅಂದರೆ ಗೊತ್ತು. ಹನೂರು ರಸ್ತೆಯಲ್ಲಿ ನನ್ನ ಅಂಗಡಿಯಿಂದ ಎರಡು ಮನೆ ಆಚೆ ಅವರ ಹೆಂಚಿನ ಮನೆ. ಮೂವತ್ತು ವರ್ಷದ ಮೇಲೆ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಮುಕ್ಕಾಲು ಪಾಲು ಒಂದೇ ರೂಟು: ಕೊಳ್ಳೇಗಾಲ, ಹನೂರು, ತಾಳಬೆಟ್ಟ, ಆಮೇಲೆ ತಿರುವು ತಿರುವು ಹತ್ತಿ ಮಹದೇಶ್ವರ ಬೆಟ್ಟ. ಹೋಗುವುದು, ಬರುವುದು. ಕಿಲೋಮೀಟರು ಎಂಬತ್ತರ ಹತ್ತಿರ. ಅವರಿಗೆ ಲೋಕದ ದೂರವನ್ನೆಲ್ಲ ಅಳೆಯಲಿಕ್ಕೆ ಇದ್ದದ್ದು ಅದೊಂದೇ ಕೋಲು.

"ದುಬೈಗೆ ಎರಡೂವರೆ ಸಾವಿರದ ಮೇಲೆ" ಅಂತ ನಾನು ಓದಿದರೆ, ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಮೂವತ್ತು ಸಲ ಬೆಟ್ಟ ಅತ್ತಿದಂಗಾಯ್ತು" ಅನ್ನುವರು. ನಾಲ್ಕು ಗಂಟೆ ಹೊತ್ತು ಅಂದರೆ ತಲೆ ಅಲ್ಲಾಡಿಸಿ, "ಬುಡವ್ವ ಬುಡು, ತಿರುವಿಲ್ಲ, ದನ ಅಡ್ಡ ಬರಲ್ಲ. ನಂಗೂ ಅಂತಾ ರೋಡ್ ಕೊಟ್ಟಿದ್ರೆ ಓಡುಸ್ತಿದ್ದೆ" ಅಂತ ಪೈಲಟ್ಟುಗಳನ್ನೆಲ್ಲ ಒಂದೇ ಮಾತಲ್ಲಿ ಕೆಳಗಿಳಿಸಿಬಿಡುತ್ತಿದ್ದರು.

ನಾನು ರೇಗುತ್ತಿದ್ದೆ. ಗಿರಾಕಿಗಳು ಪಹಣಿ ಹಿಡಿದು ನಿಂತಿರುವಾಗ ಲಿಮಾ ಹುಡುಕಲಿಕ್ಕಾಗುತ್ತದೆಯೇ? "ಮಾವ, ನೀವೇನು ಟಿಕೆಟ್ ತಗೊಳ್ತೀರಾ? ಸುಮ್ನೆ ಯಾಕೆ ನನ್ನ ತಲೆ ತಿಂತೀರಾ?" ಅಂದರೆ ಬೇಜಾರೇ ಇಲ್ಲ. "ಅಲ್ಲ ಕಣವ್ವ, ಯಾರೋ ಓಯ್ತಾ ಇರ್ತಾರಲ್ಲ" ಅನ್ನುವರು. ಯಾರೋ ಹೋಗುತ್ತಿದ್ದರೆ ಇವರಿಗೇನು ಅಂತ ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೂ ಅವರ ಮೈ ಡ್ರೈವರ್ ಸೀಟಿನಲ್ಲೇ ಉಳಿದಿತ್ತು. ರಸ್ತೆ ದಾಟುವಾಗ ಬಲಗೈ ಚಾಚಿ ಸಿಗ್ನಲ್ ಕೊಟ್ಟೇ ದಾಟುವರು. ನನ್ನ ಸ್ಕೂಟಿಯ ಹಿಂದೆ ಕೂತರೆ ಪ್ರತಿ ತಿರುವಿಗೂ ಬಲಗಾಲಿನಿಂದ ಬ್ರೇಕು ಒತ್ತುವರು, ಗಾಡಿ ಅತ್ತಿತ್ತ ಆಗಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಒಂದೆರಡು ನಿಂಬೆಹಣ್ಣು. ಬಸ್ಸಿನಲ್ಲಿದ್ದಾಗ ಸ್ಟೇರಿಂಗಿನ ಮುಂದೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಒಂದು ದೇವರಿಗೆ, ಉಳಿದವು ಘಾಟಿಯಲ್ಲಿ ಹೊಟ್ಟೆ ತೊಳಸುವವರಿಗೆ. ತಾಳಬೆಟ್ಟದಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಕರ್ಪೂರ ಹಚ್ಚಿ, ಗಾಡಿಯ ಮೂತಿಗೆ ಕೈ ಮುಗಿದು ಆಮೇಲೆ ಹತ್ತಿಸುತ್ತಿದ್ದರು. ಎಷ್ಟೇ ತಡವಾಗಿದ್ದರೂ ಇದು ತಪ್ಪುತ್ತಿರಲಿಲ್ಲ. ಒಬ್ಬ ದೊಡ್ಡ ಮನುಷ್ಯ ಒಳಗಿಂದ "ಬೇಗ ನಡಿಯಯ್ಯ" ಅಂತ ಗದರಿದಾಗ, "ಬನ್ನಿ ಸಾ, ನೀವೇ ಓಡ್ಸಿ, ನಾನು ನಿಮ್ ಸೀಟಲ್ಲಿ ಕೂತ್ಕತೀನಿ" ಅಂತ ಬಾಗಿಲು ತೆಗೆದು ಕೆಳಗೆ ನಿಂತರಂತೆ. ಆ ಮನುಷ್ಯ ಬೆಟ್ಟ ಸೇರುವ ತನಕ ಕೆಮ್ಮಲೂ ಇಲ್ಲವಂತೆ.

ಇನ್ನು ಅವರ ಹೆಂಡತಿ. ನಾನು ಅತ್ತೆ ಅಂತಲೇ ಕರೆಯುವುದು. ಅತ್ತೆಯ ತವರು ಧನಗೆರೆ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು: ಮನೆಯವರು ಯಾರಾದರೂ ಬೆಟ್ಟಕ್ಕೆ ನಡೆದುಕೊಂಡು ಹೊರಟರೆ, ಅವರು ಸೇರಿದ ಸುದ್ದಿ ಬರುವ ತನಕ ಮನೆಯಲ್ಲಿರುವ ಒಬ್ಬರು ಅನ್ನ ಮುಟ್ಟುವ ಹಾಗಿಲ್ಲ. ನೀರು, ಮಜ್ಜಿಗೆ ಆಗಬಹುದು. ದಾರಿಯಲ್ಲಿರುವವರ ಹಸಿವನ್ನು ಮನೆಯಲ್ಲೊಬ್ಬರು ಹಂಚಿಕೊಂಡರೆ ಅವರ ಕಾಲು ಸೋಲುವುದಿಲ್ಲ ಅಂತ ನಂಬಿಕೆ. ವರ್ಷಕ್ಕೆ ಒಂದೆರಡು ಸಲ ಬರುವ ಆ ಪದ್ಧತಿಯನ್ನು ಅತ್ತೆ ಮದುವೆಯಾಗಿ ಬಂದು, ದಿನಾ ಬೆಟ್ಟಕ್ಕೆ ಹೋಗುವ ಗಂಡನಿಗೆ ಹಚ್ಚಿದಳು. ದಿನಾ!

ಆಗ ಫೋನಿಲ್ಲ. ಸುದ್ದಿ ತರುತ್ತಿದ್ದದ್ದು ಬೆಟ್ಟದಿಂದ ಇಳಿದು ಬರುವ ಬಸ್ಸು. ಹನೂರಿನ ಕಂಡಕ್ಟರ್ ಒಬ್ಬರಿದ್ದರು, ಮಾವನಿಗಿಂತ ಚಿಕ್ಕವರು. ಅವರ ಬಸ್ಸು ಹನೂರು ರಸ್ತೆಯಲ್ಲಿ ಈ ಮನೆಯ ಮುಂದೆ ನಿಧಾನವಾಗುತ್ತಿತ್ತು. ಅವರು ಬಾಗಿಲ ಕಂಬಿ ಹಿಡಿದು ಅರ್ಧ ಮೈ ಹೊರಗೆ ಹಾಕಿ ಕೂಗುತ್ತಿದ್ದರು: "ಬೆಟ್ಟ ಸೇರ್ಕಂಡ್ರು ಕಣಕ್ಕಾ! ಉಣ್ಣಿ!"

ಜಗಲಿಯಿಂದ ಅತ್ತೆ, "ದಾರಿ ಎಂಗಿತ್ತಪ್ಪಾ?"

"ಸಲೀಸು ಕಣಕ್ಕಾ! ತಾಳಬೆಟ್ಟ ಬುಟ್ರೆ ಎಲ್ಲೂ ನಿಲ್ನಿಲ್ಲ!"

ಬಸ್ಸು ಮುಂದೆ ಹೋಗುತ್ತಿತ್ತು, ಅತ್ತೆ ಒಳಗೆ ಹೋಗಿ ತಣ್ಣಗಾದ ಮುದ್ದೆಗೆ ಸಾರು ಬಿಟ್ಟುಕೊಳ್ಳುತ್ತಿದ್ದಳು. ನಮ್ಮ ಅಮ್ಮ ಇದನ್ನು ಕಣ್ಣಾರೆ ಕಂಡವಳು. ಅತ್ತೆ ಬಸುರಿಯಾಗಿದ್ದಾಗಲೂ ಬಿಡಲಿಲ್ಲ, ಬೈದರೂ ಕೇಳಲಿಲ್ಲ ಅನ್ನುತ್ತಿದ್ದಳು. ನನಗಂತೂ ಈ ಕತೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಗಂಡಸು ಹನೂರಿನ ಹೋಟೆಲಿನಲ್ಲಿ ಇಡ್ಲಿ ಹೊಡೆದುಕೊಂಡು ಹೋಗುವುದು, ಹೆಂಗಸು ಇಲ್ಲಿ ಹೊಟ್ಟೆ ಕಟ್ಟಿಕೊಂಡು ರಸ್ತೆ ನೋಡುವುದು! ಒಂದು ದಿನ ಮಾವನ ಮುಖಕ್ಕೇ ಅಂದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಬ್ಯಾಡ ಅಂತ ಎಷ್ಟ್ ಸಲ ಅಂದಿವ್ನಿ ಗೊತ್ತಾ? ಕೇಳನಿಲ್ಲ. ಅದ್ಕೇಯ ನಾನು ಒಂದ್ ದಿನಾನೂ ಜೋರಾಗಿ ಓಡುಸ್ನಿಲ್ಲ, ತಡಾನೂ ಮಾಡ್ನಿಲ್ಲ. ಮನೇಲಿ ಒಂದ್ ಜೀವ ಅಸ್ಕಂಡ್ ಕೂತದೆ ಅಂತ ಗ್ಯಾನ ಇರದು" ಅಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅತ್ತೆಗೆ ಇನ್ನೊಂದು ಗುಣ ಇದೆ, ಹಾಡು. ಮಾದಪ್ಪನ ಹಾಡು, ಸೋಬಾನೆ, ಬೀಸುವ ಹಾಡು, ಒಮ್ಮೆ ಹೇಳಿದ್ದನ್ನು ತಿರುಗಿ ಹೇಳದೆ ಒಂದು ಹಗಲು ನಡೆಸಬಲ್ಲಳು. ಯಳಂದೂರು ಕಡೆಯ ಕಂಸಾಳೆ ಮೇಳವೊಂದು ಅವಳನ್ನು ಸೇರಿಸಿಕೊಂಡಿತ್ತು. ಮೇಳದ ಯಜಮಾನರು ಮಾಂಬಳ್ಳಿಯವರು. ಕೆಲವು ವರ್ಷದ ಹಿಂದೆ, ಒಂದು ಚಳಿಗಾಲ, ಲಂಡನ್ನಿನ ಕನ್ನಡದವರು ತಮ್ಮ ಹಬ್ಬಕ್ಕೆ ಈ ಮೇಳವನ್ನು ಕರೆಸಿದರು. ಅತ್ತೆಯೂ ಹೊರಟಳು! ಅರವತ್ತು ದಾಟಿದ ಹೆಂಗಸು. ಮೈಸೂರು ಬಿಟ್ಟು ಆಚೆ ಕಂಡದ್ದಿಲ್ಲ. ಪಾಸ್‌ಪೋರ್ಟಿನ ಅರ್ಜಿ ತುಂಬಿದವಳು ನಾನು, ಟಿಕೆಟ್ಟಿನ ಪ್ರಿಂಟು ತೆಗೆದವಳೂ ನಾನು.

ಟಿಕೆಟ್ಟು ಕೈಗೆ ಬಂದ ದಿನ ಮಾವ ಬೆಂಚಿನ ಮೇಲೆ ಕೂರಲಿಲ್ಲ. ನಿಂತೇ ಕೇಳಿದರು. "ಬೆಂಗ್ಳೂರಿಂದ ಲಂಡನ್ನು. ದೂರ ಎಷ್ಟವ್ವಾ? ಹೊತ್ತೆಷ್ಟು?"

ಸಾವಿರ ಸಲ ಕೇಳಿದ ಪ್ರಶ್ನೆಯೇ. ಆದರೆ ಆವತ್ತು ಹೋಗುವವರು ಯಾರೋ ಅಲ್ಲ.

"ಎಂಟು ಸಾವಿರ ಕಿಲೋಮೀಟರು ಮಾವ. ಹತ್ತು ಗಂಟೆ ಮೇಲೆ ಹಿಡಿಯುತ್ತೆ."

"ನೂರು ಸಲ ಬೆಟ್ಟ" ಅಂದರು. ಬೆರಳು ಮಡಿಸುವುದೂ ಬೇಕಾಗಲಿಲ್ಲ. "ನೂರು ಸಲ ಬೆಟ್ಟ, ಒಂದೇ ಉಸ್ರಿಗೆ."

ಆಮೇಲೆ ಟಿಕೆಟ್ಟು ನೋಡಿ ನನ್ನ ಮೇಲೇ ತಿರುಗಿಬಿದ್ದರು. ಬೆಂಗಳೂರು ಬಿಡುವುದು ಮಧ್ಯಾಹ್ನ ಒಂದೂವರೆ, ಲಂಡನ್ ಸೇರುವುದು ಸಂಜೆ ಏಳರ ಒಳಗೆ ಅಂತ ಅದರಲ್ಲಿತ್ತು. "ಐದೂವರೆ ಗಂಟೆ ಆಯ್ತದೆ, ನೀನು ಅತ್ತು ಅಂತೀಯಲ್ಲ! ಕಂಪ್ಯೂಟ್ರು ಕೆಟ್ಟದೆ ಕಣವ್ವ, ಯಾರ್ಗಾರಾ ತೋರ್ಸು."

ಹೇಳಿದೆ. ಅಲ್ಲಿ ಹೊತ್ತು ಹಿಂದೆ, ನಮಗೆ ಊಟ ಮುಗಿದು ಮಲಗುವ ಹೊತ್ತಾದರೆ ಅವರಿಗೆ ಇನ್ನೂ ಸಂಜೆ, ಟಿಕೆಟ್ಟಿನಲ್ಲಿ ಬರೆದದ್ದು ಅವರ ಗಡಿಯಾರ. ಮೂರು ಸಲ ಹೇಳಿದೆ. ಟಾರ್ಚು, ಮೂಸಂಬಿ ಇಟ್ಟುಕೊಂಡು ತೋರಿಸಿದೆ. ಅವರು ನಕ್ಕರು. "ಗಡಿಯಾರ ಹಿಂದಕ್ ತಿರುಗ್ಸದು ಲೇಟಾದ ಡ್ರೈವರು ಮಾಡೋ ಕೆಲ್ಸ ಕಣವ್ವ. ಲಾಗ್‌ಶೀಟಲ್ಲಿ ನಾವೂ ಕಂಡಿವಿ. ಬುಟ್ಟ ಟೈಮು ಇದು, ಸೇರೋ ಟೈಮು ಇದು. ಮಧ್ಯದಲ್ಲಿರದು ಓಡೋ ಹೊತ್ತು. ಇದ್ರಲ್ಲಿ ನಂಗೆ ಪಾಠ ಯೋಳ್ತೀಯಾ?" ಟೈಮ್ ಬೋರ್ಡು ನಂಬಿ ಬದುಕಿದ ಮನುಷ್ಯ. ಕೊಳ್ಳೇಗಾಲದ ಗಡಿಯಾರ ತೋರಿಸುವ ಹೊತ್ತನ್ನೇ ಬೆಟ್ಟದ ಗೋಡೆ ಗಡಿಯಾರವೂ ತೋರಿಸುತ್ತಿತ್ತು. ನಾನು ಮೂಸಂಬಿ ಸುಲಿದು ತಿಂದೆ.

ಅವರು ಯಾಕೆ ಅಷ್ಟು ಹೊತ್ತಿನ ಲೆಕ್ಕ ಹಿಡಿದಿದ್ದಾರೆ ಅಂತ ಸಂಜೆ ಅವರ ಮಗ ಬಂದು ಹೇಳಿದಾಗಲೇ ತಿಳಿದದ್ದು. ಮಗನಿಗೆ ಅದೇ ರಸ್ತೆಯಲ್ಲಿ ಪಂಕ್ಚರ್ ಅಂಗಡಿ. "ಅಕ್ಕಾ, ನಮ್ಮಪ್ಪ ಈಗ ಅವ್ವನ ಪದ್ಧತಿ ಇಡೀತೀನಿ ಅಂತ ಕೂತದೆ. ಅವ್ವ ಲಂಡನ್ ಸೇರೋಗಂಟ ಅನ್ನ ಮುಟ್ಟಲ್ವಂತೆ. ಇಷ್ಟ್ ವರ್ಸ ಅವ್ಳು ಕಾದ್ಲು, ಈಗ ನನ್ ಸರದಿ ಅಂತದೆ. ಸಕ್ಕರೆ ಕಾಯ್ಲೆ ಮನ್ಸ! ಏಳು ಗಂಟೆ ಅಂತ ತಿಳ್ಕಂಡಿದ್ರೆ ತಿಳ್ಕಳ್ಳಲಿ ಬುಡು, ಅಷ್ಟೊತ್ತಿಗಾರ ಉಣ್ತದೆ." ನನಗೂ ಅದೇ ಸರಿ ಅನ್ನಿಸಿತು. ಹೇಳುವುದನ್ನು ಹೇಳಿಯಾಗಿತ್ತು.

ಮೇಳ ನಸುಕಿಗೇ ವ್ಯಾನಿನಲ್ಲಿ ಹೊರಟಿತು. ಮಾವ ಅತ್ತೆಯ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, "ಇಮಾನ ಅತ್ತುತಿದ್ದಂಗೆ ಡ್ರೈವರ್ ಕೈಗೆ ಕೊಡು, ಮುಂದ್ಗಡೆ ಇಟ್ಕಳ್ಳಿ ಅನ್ನು" ಅಂದರು. ಅತ್ತೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಆವತ್ತು ಇಡೀ ದಿನ ಮಾವ ನನ್ನ ಬೆಂಚಿನ ಮೇಲೆ. ಸಕ್ಕರೆ ಇಲ್ಲದ ಕಾಫಿ, ಎರಡು ಲೋಟ ಮಜ್ಜಿಗೆ. ಯಾವ ಊರನ್ನೂ ಕೇಳಲಿಲ್ಲ. ಏಳು ಹೊಡೆದದ್ದೇ ಎದ್ದು, "ಸೇರ್ಕಂಡ್ಲು" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಮನೆಗೆ ಹೋದರು. ಸೊಸೆ ಅವರೆಕಾಳಿನ ಸಾರು ಮಾಡಿದ್ದಳಂತೆ. ಎರಡು ಮುದ್ದೆ ಉಂಡರಂತೆ.

ಮಾರನೆಯ ಬೆಳಿಗ್ಗೆ ನಾನು ಬರುವ ಮೊದಲೇ ಷಟರಿನ ಮುಂದೆ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಮಾಂಬಳ್ಳಿಯ ಯಜಮಾನರು ಮಗನಿಗೆ ಫೋನ್ ಮಾಡಿ, ಈಗಷ್ಟೇ ಇಳಿದೆವು ಅಂದಿದ್ದರು. ಅದು ಇವರ ಕಿವಿಗೂ ಬಿದ್ದಿತ್ತು.

"ನೀನು ಯೋಳಿದ್ದೇ ನಿಜ ಆಯ್ತು ಕಣವ್ವಾ."

"ಆಗಲಿ ಬಿಡಿ ಮಾವ, ಕ್ಷೇಮವಾಗಿ ಸೇರಿದ್ರಲ್ಲ."

"ಸೇರವ್ಳೆ. ಅದಲ್ಲ. ನಾನು ಉಣ್ತಿದ್ದಾಗ ಅವ್ಳು ಎಲ್ಲಿದ್ಲು? ಅದ ತೋರ್ಸು."

ಕಂಪ್ಯೂಟರು ಹಾಕಿ ಭೂಪಟ ತೆಗೆದೆ. ಬೆಂಗಳೂರಿಂದ ಲಂಡನ್ನಿಗೆ ಗೆರೆ ಬಂತು. ಏಳು ಗಂಟೆಗೆ ಅರ್ಧ ದಾರಿ ಅಂತ ಅಂದಾಜು ಮಾಡಿ, ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಬೆರಳಿಟ್ಟೆ. ಮಾವ ಕನ್ನಡಕ ಏರಿಸಿ, ತಮ್ಮ ಬೆರಳನ್ನು ನನ್ನ ಬೆರಳಿದ್ದಲ್ಲಿ ಇಟ್ಟರು. ತೆಗೆಯಲೇ ಇಲ್ಲ.

"ಇದು ನೀಲಿ ಅದೆಯಲ್ಲವ್ವ. ನೀರಾ?"

"ಹೂಂ ಮಾವ."

"ನೀರ್ ಮೇಲಿದ್ಲು" ಅಂದರು. "ಅವ್ಳು ನೀರ್ ಮೇಲಿದ್ಲು, ನಾನು ಮುದ್ದೆ ಮುರೀತಿದ್ದೆ."

ನನಗೆ ಕಣ್ಣು ತುಂಬಿಬಂತು. ಅದುವರೆಗೂ ಈ ಪದ್ಧತಿಯನ್ನು ಬೈದುಕೊಂಡೇ ಬಂದಿದ್ದ ನಾನು, ಅಯ್ಯೋ, ಅದನ್ನು ಮುರಿದವರ ಮುಖ ನೋಡಿದ ಮೇಲೆ ಬೈಯಲಾರದೆ ಹೋದೆ. ಅವಳು ಒಂದು ದಿನವೂ ತಪ್ಪಿಸದೆ ಇದ್ದದ್ದನ್ನು ಇವರು ಸಿಕ್ಕಿದ ಒಂದೇ ದಿನ ತಪ್ಪಿಸಿದ್ದರು. ಬೇಕಂತ ಅಲ್ಲ. ಹಾಗಂತ ಎಷ್ಟು ಹೇಳಿದರೂ ಅವರಿಗೆ ಅದು ಸಮಾಧಾನವಾಗಲಿಲ್ಲ.

ಅತ್ತೆ ವಾಪಸು ಬರುವ ದಿನ ಮಾವ ವ್ಯಾನಿನಲ್ಲಿ ಏರ್‌ಪೋರ್ಟಿಗೇ ಹೊರಟರು, ದಾರಿ ತೋರಿಸಲಿಕ್ಕೆ ಅಂತ ನನ್ನನ್ನೂ ಎಳೆದುಕೊಂಡು. ತೊಡೆಯ ಮೇಲೆ ಬುತ್ತಿ. ಹಿಂದಿನ ದಿನದಿಂದ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮಗ ಬೈದು ಬೈದು ಸೋತಿದ್ದ. ಗಾಜಿನ ಬಾಗಿಲಿನಿಂದ ಮೇಳ ಆಚೆ ಬಂತು. ಎಲ್ಲರಿಗಿಂತ ಹಿಂದೆ ಅತ್ತೆ, ಸೀರೆಯ ಮೇಲೆ ಯಾರದೋ ಗಂಡಸರ ಸ್ವೆಟರು ಹಾಕಿಕೊಂಡು. ಮಾವ ಹತ್ತಿರ ಹೋಗಿ ಮೊದಲು ಹೇಳಿದ ಮಾತು: "ಲೇ, ಆವತ್ತು ನಾನು ಮುಂಚೆನೇ ಉಂಡ್‌ಬುಟ್ಟೆ."

ಅತ್ತೆಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಬಾಯಿಗೆ ಸೆರಗು ಹಿಡಿದು ನಗಲಿಕ್ಕೆ ಶುರುಮಾಡಿದಳು. "ಅಯ್ಯೋ ಶಿವ್ನೇ! ನಂಗೇ ಇಮಾನದಲ್ಲಿ ಎರಡು ಸಲ ಉಣ್ಣಕ್ಕೆ ಕೊಟ್ರು. ಬ್ಯಾಡ ಅಂದ್ರೂ ಬುಡ್ನಿಲ್ಲ. ನಿಮ್ ನಿಂಬೆಅಣ್ಣ ಆ ಉಡುಗಿ ಕೈಗೆ ಕೊಟ್ಟೆ, ಡ್ರೈವರ್ಗೆ ಕೊಡವ್ವ ಅಂದೆ. ಅವ್ಳು ಕುಯ್ದು ನನ್ ಟೀಗೇ ಇಂಡಿ ತಂದ್‌ಕೊಟ್ಲು!"

ಪಾರ್ಕಿಂಗಿನಲ್ಲಿ ವ್ಯಾನಿನ ಮೆಟ್ಟಿಲ ಮೇಲೆ ಇಬ್ಬರೂ ಕೂತು ಬುತ್ತಿ ಬಿಚ್ಚಿದರು. ಮುದ್ದೆ ಕಲ್ಲಾಗಿತ್ತು. ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತಿದ್ದನ್ನು ನೋಡಿ ಅತ್ತೆ ಅಂದಳು: "ನಾನೇನ್ ದಿನಾ ಕಾಯ್ಕಂಡ್ ಕೂತಿದ್ನಾ? ಎಷ್ಟೋ ದಿನ ಕಡ್ಲೆಪುರಿ ತಿನ್ಕಂಡ್ ಸುಮ್ನಾಗ್ತಿದ್ದೆ. ಉಣ್ಣಿ ಈಗ."

ಮಾವ ತಲೆ ಎತ್ತಿ ಅವಳನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕು ತುತ್ತು ಬಾಯಿಗೆ ಹಾಕಿಕೊಂಡರು. ಅತ್ತೆ ಹೇಳಿದ್ದು ಹಸಿ ಸುಳ್ಳು. ನಮ್ಮಮ್ಮನ ಬಾಯಲ್ಲಿ ಕೇಳಿದ್ದ ನನಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ಅದಾದ ಮೇಲೆ ಅವರ ಪ್ರಶ್ನೆಗೆ ಒಂದು ಬಾಲ ಸೇರಿತು. "ದೂರ ಎಷ್ಟವ್ವಾ? ಹೊತ್ತೆಷ್ಟು? ಅಲ್ಲಿ ಈಗ ಗಂಟೆ ಎಷ್ಟು?" ಕೊನೆಯದನ್ನು ಕೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನಾನೂ ಗಿರಾಕಿಗಳನ್ನು ನಿಲ್ಲಿಸಿಯೇ ಹುಡುಕಿ ಹೇಳುತ್ತಿದ್ದೆ. ಯಾರೋ ಹೋಗುತ್ತಾ ಇರುತ್ತಾರಲ್ಲ.

ಹೋದ ತಿಂಗಳು ಮಾವ ಹೋದರು. ಬೆಳಿಗ್ಗೆ ಕಾಫಿ ಕುಡಿದು, ಜಗಲಿಯ ಕುರ್ಚಿಯಲ್ಲಿ ಕೂತು, ಹಾಗೇ. ಬಲಗಾಲು ಸ್ವಲ್ಪ ಮುಂದೆ ಇತ್ತು. ಧನಗೆರೆ ಹತ್ತಿರದ ಅವರ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಅತ್ತೆ ಜೋರಾಗಿ ಅಳಲಿಲ್ಲ. ಆದರೆ ಆವತ್ತು ಅನ್ನ ಮುಟ್ಟಲಿಲ್ಲ, ಮಾರನೆಯ ದಿನವೂ ಮುಟ್ಟಲಿಲ್ಲ. ನೀರು, ಮಜ್ಜಿಗೆ, ಅಷ್ಟೆ. ಸೊಸೆ ತಟ್ಟೆ ಹಿಡಿದು ಅತ್ತಳು. ಮಗ ಕಾಲು ಹಿಡಿದ. ಮೂರನೆಯ ದಿನ ಹೊಲಕ್ಕೆ ಹೋಗಿ ಹಾಲು ತುಪ್ಪ ಬಿಟ್ಟು ಬಂದ ಮೇಲಾದರೂ ಉಣ್ಣುತ್ತಾಳೆ ಅಂದುಕೊಂಡೆವು. ಇಲ್ಲ. ಜಗಲಿಯ ಗೋಡೆಗೆ ಒರಗಿ, ರಸ್ತೆ ಕಡೆ ನೋಡಿಕೊಂಡು ಕೂತಳು.

ನನಗೆ ಸಿಟ್ಟೂ ಬಂತು, ಸಂಕಟವೂ ಬಂತು. ಪಕ್ಕದಲ್ಲಿ ಕೂತು, "ಅತ್ತೆ, ಹೀಗೆ ಮಾಡಿದ್ರೆ ಮಾವ ಬೈತಿರಲಿಲ್ವಾ? ಏಳಿ, ಒಂದು ತುತ್ತು ತಿನ್ನಿ" ಅಂದೆ.

"ತಿಂತೀನಿ ಕಣವ್ವ. ಸೇರಿದ್ ಸುದ್ದಿ ಬರ್ಲಿ" ಅಂದಳು. ಹುಚ್ಚು ಹಿಡಿದವಳ ಮಾತಾಗಿರಲಿಲ್ಲ. ಪ್ರತಿ ದಿನ ಹೇಳುತ್ತಿದ್ದ ಮಾತನ್ನು ಪ್ರತಿ ದಿನದ ದನಿಯಲ್ಲೇ ಹೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಇದ್ರ ದೂರ ನಿನ್ ಕಂಪ್ಯೂಟ್ರಲ್ಲಿ ಇಲ್ಲ, ಅಲ್ವಾ?" ಅಂದಳು. ನಾನು ಅವಳ ಭುಜಕ್ಕೆ ಹಣೆ ಇಟ್ಟು ಅತ್ತುಬಿಟ್ಟೆ.

ಮಧ್ಯಾಹ್ನ ಹನೂರು ಕಡೆಯಿಂದ ಬಂದ ಬಸ್ಸೊಂದು ಮನೆಯ ಮುಂದೆ ನಿಂತಿತು. ಅಲ್ಲಿ ಸ್ಟಾಪಿಲ್ಲ, ಯಾರೋ ಹೇಳಿ ನಿಲ್ಲಿಸಿದ್ದರು. ಒಬ್ಬ ಮುದುಕರು ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿದರು. ಹಳೆಯ ಕಂಡಕ್ಟರು. ಅವರಿಗೂ ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಸುದ್ದಿ ತಡವಾಗಿ ತಿಳಿಯಿತಂತೆ. ಮಗ ಎದ್ದು ಹೋಗಿ ಅವರ ಕೈ ಹಿಡಿದ, ಕಿವಿಯಲ್ಲಿ ಏನೋ ಹೇಳಿದ. ಅವ್ವ ಮೂರು ದಿನದಿಂದ ಉಂಡಿಲ್ಲ ಅಂದಿರಬೇಕು.

ಅವರು ಜಗಲಿಗೆ ಬರಲಿಲ್ಲ. ಅಲ್ಲೇ ರಸ್ತೆಯ ಅಂಚಿನಲ್ಲಿ ನಿಂತರು. ಬಸ್ಸು ಇನ್ನೂ ಹೊರಟಿರಲಿಲ್ಲ. ಒಂದು ಕೈ ಮೇಲೆತ್ತಿ ಅದರ ಬಾಗಿಲ ಕಂಬಿ ಹಿಡಿದುಕೊಂಡರು. ಜಗಲಿ ಕಡೆ ತಿರುಗಿ ಕೂಗಿದರು:

"ಬೆಟ್ಟ ಸೇರ್ಕಂಡ್ರು ಕಣಕ್ಕಾ! ಉಣ್ಣಿ!"

ಅತ್ತೆ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ದಾರಿ ಎಂಗಿತ್ತಪ್ಪಾ?"

"ಸಲೀಸು ಕಣಕ್ಕಾ" ಅಂದರು ಅವರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ತಾಳಬೆಟ್ಟದಲ್ಲಿ ಇಳ್ದು ಕರ್ಪೂರ ಅಚ್ಚಿದ್ರು. ಆಮೇಲೆ ಎಲ್ಲೂ ನಿಲ್ನಿಲ್ಲ."

ಅತ್ತೆ ತಲೆದೂಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಭುಜ ಹಿಡಿದು ಎದ್ದು, ಒಳಗೆ ತಿರುಗಿ ಸೊಸೆಗೆ ಹೇಳಿದಳು:

"ಇಕ್ಕವ್ವ ಉಣ್ಣಕೆ. ಅವ್ರಿಗೂ ಒಂದ್ ತಟ್ಟೆ ಆಕು. ಅನೂರಿಂದ ಬಂದವ್ರೆ."